ಮಾಗಡಿ ಕೆರೆ ಎಲ್ಲಿಗೆ ಮುಗಿಯುತ್ತದೆ?

ಡಿಸೆಂಬರ್ ನಸುಕಿನಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಏರಿ ಮೇಲೆ ನಿಂತರೆ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಮೂಡಣ ಕೆಂಪಾಗುವ ಹೊತ್ತಿಗೆ ಹೊಲಗಳ ಕಡೆಯಿಂದ ಕೂಗು ಏಳುತ್ತದೆ. ಆಮೇಲೆ ಸಾಲು ಸಾಲಾಗಿ ಹೆಬ್ಬಾತುಗಳು. ಗಿರಣಿಯ ರಾತ್ರಿಪಾಳಿ ಮುಗಿಸಿ ಮನೆಗೆ ಹೊರಟವರಂತೆ ಮಾತಾಡುತ್ತಲೇ ಬಂದು ಒಂದೊಂದೇ ಗುಂಪು ನೀರಿಗಿಳಿಯುತ್ತದೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಗೆರೆ. ಅದಕ್ಕೇ ಇದು ಪಟ್ಟೆತಲೆ ಹೆಬ್ಬಾತು. ಮಧ್ಯ ಏಷ್ಯಾದಿಂದ ಹಿಮಾಲಯ ದಾಟಿ ಬಂದು, ಚಳಿಗಾಲವನ್ನು ನಮ್ಮ ಶಿರಹಟ್ಟಿ ತಾಲೂಕಿನಲ್ಲಿ ಕಳೆಯುವ ಅತಿಥಿ.

ಮಳೆನೀರು ಹಿಡಿದು ಹೊಲಕ್ಕೆ ಹಾಯಿಸಲೆಂದು ಜನರೇ ಕಟ್ಟಿಕೊಂಡ ಕೆರೆ ಇದು. ವಿಸ್ತಾರ ಸುಮಾರು 50 ಹೆಕ್ಟೇರ್. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎನಿಸಿಕೊಂಡಿತು. ಚಳಿಗಾಲದಲ್ಲಿ ಇಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳೇ ಸುಮಾರು 8,000. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಒಂದು ಪ್ರಶ್ನೆ ಹತ್ತಿತು: ಇಷ್ಟು ಸಣ್ಣ ಕೆರೆ ಅಷ್ಟು ದೊಡ್ಡ ಹಕ್ಕಿಗಳ ಹೊಟ್ಟೆ ಹೇಗೆ ತುಂಬಿಸುತ್ತದೆ?

ತುಂಬಿಸುವುದಿಲ್ಲ. ಕೆರೆ ಅವಕ್ಕೆ ಹಗಲಿನ ಮನೆ ಅಷ್ಟೆ. ನರಿ, ನಾಯಿ ಮೈಮೇಲೆ ಬೀಳದಂತೆ ನೀರಿನ ನಡುವೆ ವಿಶ್ರಾಂತಿ. ಊಟ ಮಾತ್ರ ಸುತ್ತಲಿನ ಹಿಂಗಾರಿ ಹೊಲಗಳಲ್ಲಿ: ಕಡಲೆ, ಕೊಯ್ಲಾದ ಮೇಲೆ ಉಳಿದ ಶೇಂಗಾ, ಬದುವಿನ ಹುಲ್ಲು. ಹಾಗಾದರೆ ಕೆರೆ ಎಲ್ಲಿಗೆ ಮುಗಿಯಿತು? ಏರಿಗೋ, ನೀರಿನ ಅಂಚಿಗೋ, ಹೆಬ್ಬಾತು ಮೇಯ್ದು ಬರುವ ಕೊನೆಯ ಹೊಲಕ್ಕೋ?

ಪರಿಸರ ವ್ಯವಸ್ಥೆ ಎಂಬ ಪರಿಕಲ್ಪನೆಯನ್ನು 1935ರಲ್ಲಿ ಮುಂದಿಟ್ಟ ಬ್ರಿಟಿಷ್ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ ಅವರಿಗೂ ಈ ತೊಡಕು ಗೊತ್ತಿತ್ತು. ಜೀವಿಗಳನ್ನೂ ಅವುಗಳ ಸುತ್ತಲಿನ ಮಣ್ಣು, ನೀರು, ಗಾಳಿಯನ್ನೂ ಬಿಡಿಸಿ ನೋಡಬೇಡಿ, ಎಲ್ಲ ಸೇರಿ ಒಂದೇ ವ್ಯವಸ್ಥೆ ಎಂದದ್ದು ಅವರ ಮುಖ್ಯ ಮಾತು. ಆ ವ್ಯವಸ್ಥೆಗೆ ನಾವು ಎಳೆಯುವ ಗಡಿ ಮಾತ್ರ ಬಹುಮಟ್ಟಿಗೆ ನಮ್ಮ ಅನುಕೂಲದ್ದು ಎಂಬುದನ್ನೂ ಅವರು ಒಪ್ಪಿದ್ದರು.

ಗಡಿ ಬಿಟ್ಟು ನೋಡಬೇಕಾದರೆ ಒಂದು ಕಡಲೆ ಗಿಡ ಕೀಳಬೇಕು. ಎರಿ ಮಣ್ಣು ಹಸಿ ಇರುವಾಗ ಮೆಲ್ಲಗೆ ಎಳೆದರೆ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ, ಒಳಗೆ ನಸುಗೆಂಪು. ಅದರೊಳಗೆ ಮನೆ ಮಾಡಿಕೊಂಡ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ದಕ್ಕುವ ರೂಪಕ್ಕೆ ತರುತ್ತವೆ. ಗಾಳಿಯಲ್ಲಿ ಸಾರಜನಕ ನೂರಕ್ಕೆ 78 ಪಾಲು ಇದ್ದರೂ ಗಿಡ ಅದನ್ನು ನೇರವಾಗಿ ಮುಟ್ಟಲಾರದು. ಬ್ಯಾಕ್ಟೀರಿಯಾ ದುಡಿಯುತ್ತದೆ, ಕೂಲಿಯಾಗಿ ಗಿಡ ಸಕ್ಕರೆ ಕೊಡುತ್ತದೆ. ಆದರೆ ಈ ಕೆಲಸಕ್ಕೆ ಬಳಕೆಯಾಗುವ ಕಿಣ್ವ ಆಮ್ಲಜನಕ ತಾಗಿದರೆ ಕೆಡುತ್ತದೆ. ಬ್ಯಾಕ್ಟೀರಿಯಾಕ್ಕೆ ಉಸಿರಾಡಲು ಆಮ್ಲಜನಕ ಬೇಕೇ ಬೇಕು. ಅದನ್ನು ಹಿಡಿದಿಟ್ಟು ಅಳೆದು ಕೊಡುವುದು ಆ ಕೆಂಪು ವಸ್ತು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿ.

ಹೆಬ್ಬಾತು ಹಿಮಾಲಯ ದಾಟುವುದರ ಗುಟ್ಟಿನಲ್ಲೂ ಅದೇ ಕುಟುಂಬದ ಪಾಲಿದೆ. ಅದರ ಹಿಮೋಗ್ಲೋಬಿನ್ ಬಯಲುಸೀಮೆಯ ಬಾತುಗಳದ್ದಕ್ಕಿಂತ ಬಿಗಿಯಾಗಿ ಆಮ್ಲಜನಕ ಹಿಡಿಯುತ್ತದೆ. ಹಾಗಾಗಿ ತೆಳುಗಾಳಿಯಲ್ಲೂ ರೆಕ್ಕೆ ಸೋಲುವುದಿಲ್ಲ. ಹಾರಾಟದಲ್ಲಿ 7,000 ಮೀಟರ್ ಮೀರಿದ ಎತ್ತರ ದಾಖಲಾಗಿದೆ. ನೆಲದಡಿಯ ಕಡಲೆ ಬೇರಿನಲ್ಲೂ, ಮೋಡದ ಮೇಲಿನ ಹಕ್ಕಿಯ ರಕ್ತದಲ್ಲೂ ಒಂದೇ ಬಗೆಯ ಕೆಂಪು! ಇದು ನೆನಪಾದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಕಡಲೆ ಸೊಪ್ಪನ್ನು ಹೆಬ್ಬಾತು ರಾತ್ರಿ ಮೇಯುತ್ತದೆ. ಎಮ್ಮೆಯ ಹಾಗೆ ಮೆಲುಕು ಹಾಕುವ ಹೊಟ್ಟೆ ಇದಕ್ಕಿಲ್ಲ. ತಿಂದ ಸೊಪ್ಪು ಕೆಲವೇ ಗಂಟೆಗಳಲ್ಲಿ, ಅರೆಬರೆ ಜೀರ್ಣವಾಗಿ ಹೊರಬೀಳುತ್ತದೆ. ಬೆಳಗ್ಗೆ ಕೆರೆಗೆ ಬಂದಾಗ ಹೊಲದ ಸಾರಜನಕ, ರಂಜಕ ಹಿಕ್ಕೆಯಾಗಿ ನೀರಿಗೆ ಸೇರುತ್ತವೆ. ಹೊಲದಿಂದ ಕೆರೆಗೆ ಗೊಬ್ಬರ ಹೊರುವ ಸಾವಿರಾರು ಸಣ್ಣ ಚಕ್ಕಡಿಗಳು ಎನ್ನಿ. ಆ ಗೊಬ್ಬರಕ್ಕೆ ಪಾಚಿ ಚಿಗುರುತ್ತದೆ, ಪಾಚಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ತಿನ್ನುತ್ತವೆ, ಅವನ್ನು ಮರಿಮೀನು, ಮರಿಮೀನನ್ನು ಮಿಂಚುಳ್ಳಿ.

ಈ ಸರಪಳಿಯಲ್ಲಿ ಶಕ್ತಿಯ ಲೆಕ್ಕ ಬೇರೆ. ಅಮೆರಿಕದ ರೇಮಂಡ್ ಲಿಂಡೆಮನ್ ಮಿನ್ನೆಸೋಟದ ಒಂದು ಸಣ್ಣ ಸರೋವರದ ಮುಂದೆ ವರ್ಷಗಟ್ಟಲೆ ಕೂತು ಆ ಲೆಕ್ಕ ಹಾಕಿದರು. ಅವರ ಪ್ರಬಂಧ ಅಚ್ಚಾದದ್ದು 1942ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ, 27 ತುಂಬುವ ಮೊದಲೇ ತೀರಿಕೊಂಡಿದ್ದರು. ಒಂದು ಮೆಟ್ಟಿಲಿನಿಂದ ಮುಂದಿನದಕ್ಕೆ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಶಕ್ತಿ ಮಾತ್ರ ದಾಟುತ್ತದೆ, ಉಳಿದದ್ದು ಉಸಿರಾಟದ ಕಾವಾಗಿ ಮತ್ತು ಕಸವಾಗಿ ಹೋಗುತ್ತದೆ. ಕೆರೆಯಲ್ಲಿ ಪಾಚಿ ಹೇರಳ, ಮಿಂಚುಳ್ಳಿ ಬೆರಳೆಣಿಕೆ ಆಗುವುದು ಇದರಿಂದಲೇ. ಕಾವಾಗಿ ಹೋದ ಶಕ್ತಿ ಮರಳಿ ಬರುವುದಿಲ್ಲ, ಸೂರ್ಯನೇ ದಿನಾ ಹೊಸದಾಗಿ ಕೊಡಬೇಕು. ಸಾರಜನಕ, ರಂಜಕ ಹಾಗಲ್ಲ. ಅವು ತಿರುಗುತ್ತಲೇ ಇರುತ್ತವೆ.

ತಿರುಗಾಟ ಹದ ಮೀರಿದರೆ ಏನಾಗುತ್ತದೆ ಎಂಬುದನ್ನು ಅರಿಯಲು ದೂರ ಹೋಗಬೇಕಿಲ್ಲ. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅಂತರಗಂಗೆ ಹಬ್ಬಿದ್ದನ್ನು ನೋಡಿದವರು ಬಹಳ ಮಂದಿ. ಚರಂಡಿ ನೀರು ಹೊತ್ತು ತರುವ ಸಾರಜನಕ, ರಂಜಕಕ್ಕೆ ಚಳಿಗಾಲ, ಬೇಸಿಗೆ ಎಂಬ ಬಿಡುವಿಲ್ಲ. ಪಾಚಿ, ಅಂತರಗಂಗೆ ಮಿತಿಮೀರಿ ಬೆಳೆದು ಸತ್ತು ಕೊಳೆತಾಗ, ಕೊಳೆಸುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತವೆ. ರಾತ್ರಿ ಬಿಸಿಲಿಲ್ಲದೆ ಹೊಸ ಆಮ್ಲಜನಕ ಹುಟ್ಟುವುದಿಲ್ಲ. ನಸುಕಿನಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದು ಅದಕ್ಕೆ. ಹೆಬ್ಬಾತು ಮಾರ್ಚ್ ಹೊತ್ತಿಗೆ ಹೊರಟುಬಿಡುತ್ತದೆ, ಚರಂಡಿ ಹೊರಡುವುದಿಲ್ಲ.

ಕೆರೆಯಲ್ಲಿ ಸತ್ತದ್ದು, ಬಿದ್ದದ್ದು ತಳದಲ್ಲಿ ಹೂಳಾಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಆ ಹೂಳನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಹೊಲಕ್ಕೆ ಹಾಕುವ ರೂಢಿಯಿದೆ. ಹೊಲದಿಂದ ಬಂದದ್ದರಲ್ಲಿ ಒಂದಿಷ್ಟು ಹೀಗೆ ಹೊಲಕ್ಕೆ ಹಿಂತಿರುಗುತ್ತದೆ. ಈ ಕೊಂಡಿಯಲ್ಲಿ ಮನುಷ್ಯನೂ ಒಬ್ಬ.

ಅದಕ್ಕೇ ಕಾಗದದ ಮೇಲಿನ 50 ಹೆಕ್ಟೇರ್ ನನಗೆ ಸಾಲದು ಅನ್ನಿಸುತ್ತದೆ. ನೀರಿಗೆ ಕಾವಲಿದೆ, ಊಟಕ್ಕಿಲ್ಲ. ಸುತ್ತಲಿನವರೆಲ್ಲ ನಾಳೆ ಕಡಲೆ, ಶೇಂಗಾ ಬಿಟ್ಟು ಹತ್ತಿಗೆ ತಿರುಗಿದರೆ, ಕೆರೆಯ ಒಂದು ಹನಿ ನೀರೂ ಕೆಡದೆ ಹೆಬ್ಬಾತಿನ ತಾಟು ಖಾಲಿಯಾಗುತ್ತದೆ. ಹಕ್ಕಿ ತಿಂದ ಬೆಳೆಯ ನಷ್ಟವನ್ನು ರೈತ ಒಬ್ಬನೇ ಹೊರುವುದು ನ್ಯಾಯವೂ ಅಲ್ಲ. ಊರ ಹೆಮ್ಮೆಗೆ ಬೆಲೆ ಇದ್ದರೆ ಅವನ ಎರಡೆಕರೆಗೂ ಬೆಲೆ ಕಟ್ಟಬೇಕು.

ಏರಿಯ ಪಕ್ಕದ ಹೊಲದಲ್ಲಿ ಒಬ್ಬ ಅಜ್ಜ ಹಕ್ಕಿ ಮೇಯ್ದ ಸಾಲನ್ನು ತೋರಿಸಿದ. ಕಡಲೆ ಕುಡಿಯೆಲ್ಲ ಕತ್ತರಿಸಿದ ಹಾಗಿತ್ತು, ಸಾಲಿನ ನಡುವೆ ಹಸಿರು ಹಿಕ್ಕೆ. "ಮುಂದಿನ ವರ್ಷ ಏನ್ ಹಾಕ್ತೀರಿ?" ಅಂದೆ. ಅಜ್ಜ ಬಗ್ಗಿ ಹಿಕ್ಕೆಯನ್ನು ಹೆಂಟೆಯ ಕೆಳಗೆ ಸರಿಸಿ ಮಣ್ಣು ಮುಚ್ಚಿದ.

"ಕಡ್ಲಿನ ಹಾಕ್ತೀನ್ರೀ. ಬ್ಯಾರೆ ಏನ್ ಬರ್ತೈತಿ ಈ ನೆಲದಾಗ?"