ಪದ ಪರಿಚಯ: ಹೋಲ್‌ಸ್ಟರ್

ರಿವಾಲ್ವರ್ ಅಥವಾ ಪಿಸ್ತೂಲನ್ನು ಮೈಮೇಲೆ ಕಟ್ಟಿಕೊಂಡು ಓಡಾಡಲು ಬಳಸುವ ಗಟ್ಟಿ ಚೀಲವೇ ಹೋಲ್‌ಸ್ಟರ್. ನಮ್ಮ ಕಡೆ ಇದನ್ನು ಕವರ್ ಅನ್ನುವವರೂ ಇದ್ದಾರೆ, ಪೌಚ್ ಅನ್ನುವವರೂ ಇದ್ದಾರೆ. ಪೊಲೀಸ್ ಅಧಿಕಾರಿಗಳ ಬೆಲ್ಟಿನಲ್ಲಿ ತೂಗುವ ಕಂದು ಚರ್ಮದ ಹೋಲ್‌ಸ್ಟರನ್ನು ಎಲ್ಲರೂ ನೋಡಿರುತ್ತೇವೆ. ಅದು ಹೊರಗೆ ಕಾಣಲಿ ಅಂತಲೇ ಮಾಡಿದ್ದು. ನಾನಿಲ್ಲಿ ಹೇಳುವುದು ಲೈಸೆನ್ಸ್ ಇರುವ ಸಾಮಾನ್ಯ ಜನ ಅಂಗಿಯ ಕೆಳಗೆ ಕಟ್ಟಿಕೊಂಡು, ಬೆಳಗಿನಿಂದ ಸಂಜೆವರೆಗೆ ಕೂತು, ಎದ್ದು, ಗಾಡಿ ಓಡಿಸಿ ಬದುಕಬೇಕಾದ ಹೋಲ್‌ಸ್ಟರ್ ಬಗ್ಗೆ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಅಂಥವರು ಇದ್ದಾರೆ. ಅಕ್ಕಿ ಗಿರಣಿಯವರು, ಹತ್ತಿ ವ್ಯಾಪಾರಿಗಳು, ಚಿನ್ನದಂಗಡಿಯವರು, ಗಣಿ ಕಡೆಯ ಗುತ್ತಿಗೆದಾರರು. ಗನ್ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತಾರೆ. ಹೋಲ್‌ಸ್ಟರ್ ಮಾತ್ರ ಅಂಗಡಿಯವರು ಕೊಟ್ಟದ್ದೇ ಪ್ರಸಾದ. ನನಗೆ ಕಳವಳ ಆಗುವುದು ಇಲ್ಲೇ. ಯಾಕೆಂದರೆ ಮೈಗೆ ಹಿತವಿಲ್ಲದ ಹೋಲ್‌ಸ್ಟರ್ ಮೈಮೇಲೆ ನಿಲ್ಲುವುದಿಲ್ಲ. ಅದು ಕಾರಿನ ಡ್ಯಾಶ್‌ಬೋರ್ಡಿಗೆ ಹೋಗುತ್ತದೆ, ದಿಂಬಿನ ಕೆಳಗೆ ಹೋಗುತ್ತದೆ, ಟೇಬಲ್ ಮೇಲೆ ಕೂರುತ್ತದೆ. ಜೊತೆಗೆ ತುಂಬಿದ ಗನ್ನೂ ಹೋಗುತ್ತದೆ.

ಗಂಗಾವತಿ ಕಡೆಯ ಗಿರಣಿ ಮಾಲೀಕರೊಬ್ಬರು ನನಗೆ ಪರಿಚಯ. ಒಂದು ಮಧ್ಯಾಹ್ನ ಅವರ ಆಫೀಸಿನಲ್ಲಿ ಕೂತಿದ್ದೆ. ಗುಮಾಸ್ತ ರಸೀದಿ ಪುಸ್ತಕ ಹುಡುಕುತ್ತ ಡ್ರಾಯರ್ ಎಳೆದ. ಪುಸ್ತಕದ ಮೇಲೇ ರಿವಾಲ್ವರ್, ಹೋಲ್‌ಸ್ಟರ್ ಸಮೇತ. ಅವನು ಅದನ್ನು ಎಡಗೈಯಲ್ಲಿ ಪಕ್ಕಕ್ಕೆ ಸರಿಸಿ ಪುಸ್ತಕ ತೆಗೆದುಕೊಂಡು ಹೋದ.

"ಸಾವ್ಕಾರ್ರೇ, ಇದನ್ಯಾಕ ಇಲ್ಲಿಟ್ಟೀರಿ?" ಅಂದೆ.

"ಕಟ್ಕೊಂಡು ಕುಂತ್ರ ಹೊಟ್ಟಿಗೆ ಒತ್ತತೈತ್ರೀ. ನಿಂತಾಗ ಏನೂ ಅನ್ಸಂಗಿಲ್ಲ."

ಅವರ ಮಾತಿನಲ್ಲೇ ಉತ್ತರ ಇತ್ತು. ಅಂಗಡಿಯಲ್ಲಿ ಎಲ್ಲರೂ ನಿಂತೇ ನೋಡುತ್ತಾರೆ. ದಿನದ ಬಹುಪಾಲು ಕಳೆಯುವುದು ಕೂತು.

ಸೊಂಟದ ಮೇಲೆ ಜಾಗ ಗುರುತಿಸಲು ಅಮೆರಿಕದವರು ಗಡಿಯಾರದ ಲೆಕ್ಕ ಇಟ್ಟುಕೊಂಡಿದ್ದಾರೆ. ಅಲ್ಲಿನ ಹಲವು ರಾಜ್ಯಗಳಲ್ಲಿ ಗನ್ ಮುಚ್ಚಿಟ್ಟು ಒಯ್ಯುವುದು ದಿನನಿತ್ಯದ ಸಂಗತಿ, ಹಾಗಾಗಿ ಈ ಮಾತುಗಳೆಲ್ಲ ಅಲ್ಲಿಂದಲೇ ಬಂದಿವೆ. ಹೊಕ್ಕುಳು 12 ಗಂಟೆ. ಬಲ ಸೊಂಟ 3. ಬೆನ್ನುಮೂಳೆ 6. ಬಲಗೈಯವರಿಗೆ 1 ಗಂಟೆ ಹತ್ತಿರ ಕಟ್ಟಿಕೊಳ್ಳುವುದನ್ನು ಅಪೆಂಡಿಕ್ಸ್ ಕ್ಯಾರಿ ಅನ್ನುತ್ತಾರೆ. ಕೈಗೆ ಬೇಗ ಸಿಗುತ್ತದೆ, ಅಂಗಿ ಚೆನ್ನಾಗಿ ಮುಚ್ಚುತ್ತದೆ. ಆದರೆ ಹೊಟ್ಟೆ ಸ್ವಲ್ಪ ಮುಂದಿದ್ದರೆ ಕೂತಾಗ ಹಿಡಿಕೆ ಪಕ್ಕೆಗೂ ನಳಿಗೆ ತೊಡೆಸಂದಿಗೂ ಒತ್ತುತ್ತದೆ. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಊಟಕ್ಕೆ ಕೂತರಂತೂ ಮುಗೀತು. ಅಲ್ಲಿಯವರು ಕುರ್ಚಿ ಮತ್ತು ಕಾರನ್ನು ಮನಸ್ಸಿನಲ್ಲಿಟ್ಟು ಸಲಹೆ ಕೊಡುತ್ತಾರೆ. ನಮ್ಮ ಹತ್ತಿ ವ್ಯಾಪಾರಿ ಗಾದಿ ಮೇಲೆ ಕೂರುತ್ತಾನೆ, ಊಟಕ್ಕೆ ಚಾಪೆ ಮೇಲೆ ಕೂರುತ್ತಾನೆ. ಹಾಗಾಗಿ ನಮ್ಮವರಲ್ಲಿ ಹೆಚ್ಚಿನವರಿಗೆ 3ರಿಂದ 4 ಗಂಟೆಯ ಜಾಗ, ಅಂದರೆ ಸೊಂಟದ ಮೂಳೆಯ ಹಿಂದಿನ ತಗ್ಗು, ಒಗ್ಗುತ್ತದೆ ಅನ್ನುವುದು ನನ್ನ ಅನಿಸಿಕೆ. ಅಲ್ಲಿ ಮೂಳೆಗೂ ಬೆನ್ನಿಗೂ ನಡುವೆ ಒಂದು ಅಂಗೈ ಅಗಲದ ಮೆತ್ತನೆ ಜಾಗ ಇದೆ. ಕೈಯಿಟ್ಟು ನೋಡಿಕೊಂಡರೆ ಗೊತ್ತಾಗುತ್ತದೆ.

ಆ ಜಾಗದಲ್ಲಿ ಗನ್ನನ್ನು ನೆಟ್ಟಗೆ ಇಟ್ಟರೆ ಹಿಡಿಕೆ ಹಿಂದಕ್ಕೆ ಚಾಚಿ ಅಂಗಿಯಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಹಿಡಿಕೆ ಮುಂದಕ್ಕೆ ಬಾಗುವ ಹಾಗೆ 10–15 ಡಿಗ್ರಿ ಓರೆ ಕೊಡುತ್ತಾರೆ. ಇದಕ್ಕೆ ಕ್ಯಾಂಟ್ ಅನ್ನುತ್ತಾರೆ. ಇಷ್ಟು ಸಣ್ಣ ಓರೆಯಲ್ಲೇ ಹಿಡಿಕೆ ಪಕ್ಕೆಯ ಗೆರೆಗೆ ಕೂತುಬಿಡುತ್ತದೆ. ಗಿರಣಿ ಮಾಲೀಕರಿಗೆ ಬೇಕಾಗಿದ್ದದ್ದೂ ಇಷ್ಟೇ: ಮುಂದಿನಿಂದ ಹಿಂದಿನ ತಗ್ಗಿಗೆ ಜಾಗ ಬದಲು, ಸ್ವಲ್ಪ ಓರೆ, ಮತ್ತೊಂದು ಬೆಲ್ಟ್. ಬೆನ್ನುಮೂಳೆಯ ಮೇಲೆ, 6 ಗಂಟೆಗೆ ಮಾತ್ರ ಯಾರೂ ಕಟ್ಟಿಕೊಳ್ಳಬೇಡಿ. ಬೈಕಿನಿಂದ ಬೆನ್ನ ಮೇಲೆ ಬಿದ್ದರೆ ಕಬ್ಬಿಣ ನೇರ ಮೂಳೆಗೇ ತಾಗುತ್ತದೆ.

ಬೆಲ್ಟ್ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕಾನ್ಪುರದಲ್ಲಿ ತಯಾರಾಗುವ .32 ಬೋರಿನ (ಬೋರು ಅಂದರೆ ನಳಿಗೆಯ ಒಳ ಅಳತೆ) ರಿವಾಲ್ವರ್ ಖಾಲಿಯಿದ್ದಾಗಲೇ ಮುಕ್ಕಾಲು ಕೆಜಿಯ ಹತ್ತಿರ ತೂಗುತ್ತದೆ. 2014ರಲ್ಲಿ ಮಹಿಳೆಯರಿಗೆ ಅಂತ ತಂದ ನಿರ್ಭೀಕ್ ರಿವಾಲ್ವರ್ ಟೈಟಾನಿಯಂ ಮಿಶ್ರಲೋಹದ್ದು, ಅದು ಸುಮಾರು ಅರ್ಧ ಕೆಜಿ. ಮಾಮೂಲಿ ತೆಳು ಬೆಲ್ಟಿಗೆ ಈ ತೂಕ ಬಿದ್ದರೆ ಬೆಲ್ಟ್ ಆ ಕಡೆಗೆ ತಿರುಚಿಕೊಳ್ಳುತ್ತದೆ, ಹೋಲ್‌ಸ್ಟರ್ ಹೊರಕ್ಕೆ ವಾಲುತ್ತದೆ, ಪ್ಯಾಂಟ್ ಜಾರುತ್ತದೆ. ಆಗ ಮನುಷ್ಯ ಬೆಲ್ಟನ್ನು ಒಂದು ತೂತು ಬಿಗಿ ಮಾಡುತ್ತಾನೆ, ಸೊಂಟ ನೋಯುತ್ತದೆ, ಬೈಗುಳ ಹೋಲ್‌ಸ್ಟರಿಗೆ. ಒಂದೂವರೆ ಇಂಚು ಅಗಲದ, ಎರಡು ಪದರ ಸೇರಿಸಿ ಹೊಲಿದ ಗಟ್ಟಿ ಬೆಲ್ಟ್ ತೂಕವನ್ನು ಇಡೀ ಸೊಂಟಕ್ಕೆ ಹಂಚುತ್ತದೆ. ಬಿಗಿಯುವುದೇ ಬೇಡ.

ಪ್ಯಾಂಟೂ ಅಷ್ಟೇ ಮುಖ್ಯ. ಮುಚ್ಚಿಟ್ಟು ಒಯ್ಯುವವರು ಹೆಚ್ಚಾಗಿ ಬಳಸುವುದು ಪ್ಯಾಂಟಿನ ಒಳಗೆ, ಸೊಂಟಪಟ್ಟಿಗೂ ಮೈಗೂ ನಡುವೆ ಇಳಿಸಿ ಬೆಲ್ಟಿಗೆ ಕ್ಲಿಪ್ ಹಾಕುವ ಹೋಲ್‌ಸ್ಟರ್. ಒಳಗೆ ಒಂದು ವಸ್ತು ಸೇರಿತು ಅಂದಮೇಲೆ ಸೊಂಟದ ಅಳತೆ ಜಾಸ್ತಿ ಬೇಕು ಅಲ್ವಾ? 34ರ ಪ್ಯಾಂಟ್ ಹಾಕುವವರಿಗೆ 36 ಬೇಕಾಗುತ್ತದೆ. ಬಳ್ಳಾರಿಯಂಥ ಜೀನ್ಸ್ ಹೊಲಿಯುವ ಊರಿನಲ್ಲಿ ಇದೇನು ಕಷ್ಟದ ಮಾತಲ್ಲ. ಅಳತೆ ಕೊಡುವಾಗ ಖಾಲಿ ಹೋಲ್‌ಸ್ಟರ್ ಸಿಕ್ಕಿಸಿಕೊಂಡೇ ಅಳತೆ ಕೊಡಿ, ಬೆಲ್ಟಿನ ಲೂಪ್ ಗಟ್ಟಿಯಾಗಿ, ಒಂದೆರಡು ಹೆಚ್ಚಿಗೆ ಹಾಕಿಸಿ. ಪಂಚೆ, ಲುಂಗಿ ಉಡುವವರಿಗೆ ಬೆಲ್ಟ್ ಇಲ್ಲ. ಪಂಚೆಯ ಗಂಟಿಗೆ, ಉಡುದಾರಕ್ಕೆ ಗನ್ ಸಿಕ್ಕಿಸಿಕೊಳ್ಳುವುದನ್ನು ದಯವಿಟ್ಟು ಬಿಟ್ಟುಬಿಡಿ. ಪಂಚೆ ಉಡುವ ದಿನ ಗನ್ ಮನೆಯ ಬೀರುವಿನಲ್ಲಿ ಬೀಗದೊಳಗೆ ಇರಲಿ.

ಇನ್ನು ಬಟ್ಟೆಯ ಮೇಲೆ ಗನ್ನಿನ ಆಕಾರ ಮೂಡುವುದಕ್ಕೆ ಪ್ರಿಂಟಿಂಗ್ ಅನ್ನುತ್ತಾರೆ. ಇನ್‌ಶರ್ಟ್ ಮಾಡದ, ಸ್ವಲ್ಪ ಸಡಿಲವಾದ, ಗೆರೆಯ ಅಥವಾ ಚೌಕುಳಿಯ ಅಂಗಿ ಇದ್ದರೆ ಸಾಕು. ಬೈಕಿನಲ್ಲಿ ಬಗ್ಗಿದಾಗ ಅಂಗಿ ಮೇಲೇರುತ್ತದೆ, ಅದನ್ನೂ ಕನ್ನಡಿಯ ಮುಂದೆ ನೋಡಿಕೊಳ್ಳಿ. ಭುಜಕ್ಕೆ ಹಾಕುವ ಹೋಲ್‌ಸ್ಟರಿಗೆ ಮೇಲೊಂದು ಕೋಟು ಬೇಕು, ನಮ್ಮ ಬಿಸಿಲಿಗೆ ಅದು ಆಗದ ಮಾತು. ಕಣಕಾಲಿಗೆ ಕಟ್ಟುವುದು ಸಣ್ಣ ಗನ್ನಿಗೆ ಮಾತ್ರ. ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಹಿತವಾಗಿಯೇ ಇರುತ್ತದೆ, ಆದರೆ ಟ್ರಿಗರ್ ಮುಚ್ಚುವ ಗಟ್ಟಿ ಪೊರೆ ಅದರಲ್ಲಿ ಇಲ್ಲದಿದ್ದರೆ ಕೊಳ್ಳಬೇಡಿ.

ಮುಚ್ಚಿಡಲು ಇಷ್ಟೆಲ್ಲ ಯಾಕೆ ಅಂದರೆ, ಕಾನೂನೇ ಹಾಗೆ ಹೇಳುತ್ತದೆ. 2016ರ ಆಯುಧ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ರಿವಾಲ್ವರ್, ಪಿಸ್ತೂಲು ಒಯ್ಯುವವರು ಅದನ್ನು ಹೋಲ್‌ಸ್ಟರಿನಲ್ಲೋ ಅಂಥದ್ದೇ ಚೀಲದಲ್ಲೋ ಇಟ್ಟಿರಬೇಕು. ಗನ್ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹಿಡಿತದಲ್ಲೇ ಇರಬೇಕು. ಅಂಗಿ ಎತ್ತಿ ತೋರಿಸುವುದು, ಮದುವೆಯಲ್ಲಿ ಝಳಪಿಸುವುದು ತಪ್ಪು. ಸಂಭ್ರಮಕ್ಕೆ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ.

ನಮ್ಮ ಮೂರು ಜಿಲ್ಲೆಯವರು ಇನ್ನೂ ಒಂದು ವಿಷಯ ನೋಡಿಕೊಳ್ಳಬೇಕು. ಲೈಸೆನ್ಸಿನಲ್ಲಿ ಅದು ಯಾವ ವ್ಯಾಪ್ತಿಗೆ ನಡೆಯುತ್ತದೆ ಅಂತ ಬರೆದಿರುತ್ತದೆ. ಕರ್ನಾಟಕಕ್ಕೆ ಮಾತ್ರ ಅಂತಿದ್ದರೆ ರಾಯಚೂರಿನಿಂದ ಮಂತ್ರಾಲಯಕ್ಕೆ ಹೊರಟವರು ಗನ್ ಮನೆಯಲ್ಲೇ ಬಿಡಬೇಕು, ಮಂತ್ರಾಲಯ ಆಂಧ್ರದಲ್ಲಿದೆ. ಬಳ್ಳಾರಿಯಿಂದ ಗುಂತಕಲ್ಲಿಗೆ, ರಾಯದುರ್ಗಕ್ಕೆ ಹೋಗುವವರದ್ದೂ ಅದೇ ಕಥೆ. ಜಾತ್ರೆ, ಧಾರ್ಮಿಕ ಮೆರವಣಿಗೆ, ಜನ ಸೇರುವ ಸಭೆ, ಶಾಲೆ–ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿಯಿಲ್ಲದೆ ಒಯ್ಯಬಾರದು ಅಂತ ಲೈಸೆನ್ಸಿನ ಷರತ್ತುಗಳಲ್ಲೇ ಇದೆ. ಕೊಪ್ಪಳದ ಗವಿಮಠದ ಜಾತ್ರೆಗೆ, ಹುಲಿಗಿಯ ಜಾತ್ರೆಗೆ ಹೋಗುವಾಗ ಸೊಂಟ ಖಾಲಿ ಇರಬೇಕು. ಅಂದರೆ ಹೋಲ್‌ಸ್ಟರ್ ಕಟ್ಟುವಷ್ಟೇ ಸಲೀಸಾಗಿ ಬಿಚ್ಚುವಂತೆಯೂ ಇರಬೇಕು. ಕ್ಲಿಪ್ ಬಿಚ್ಚಿ, ಗನ್ ಹೊರಗೆಳೆಯದೆ, ಇಡೀ ಹೋಲ್‌ಸ್ಟರನ್ನೇ ಒಂದಾಗಿ ತೆಗೆಯಲು ಬಂದರೆ ಎಷ್ಟೋ ಅಪಾಯ ತಪ್ಪುತ್ತದೆ.

ಈಗ ವಸ್ತುವನ್ನು ಕೈಯಲ್ಲಿ ಹಿಡಿದು ನೋಡೋಣ. ಆಮೇಲೆ ಗನ್ನಿಗೂ ಹಾಕಿ ನೋಡಬೇಕು, ಅದಕ್ಕೆ ಮೊದಲು ಗನ್ ಖಾಲಿ ಮಾಡಿ, ಗುಂಡು ಕೂರುವ ಸಿಲಿಂಡರ್ ಅಥವಾ ಚೇಂಬರನ್ನು ಎರಡು ಸಲ ಕಣ್ಣಲ್ಲೂ ಬೆರಳಲ್ಲೂ ಪರೀಕ್ಷಿಸಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಹೋಲ್‌ಸ್ಟರಿನ ಬಾಯಿ ನೋಡಿ: ಗನ್ ತೆಗೆದ ಮೇಲೂ ಅದು ತೆರೆದೇ ನಿಲ್ಲಬೇಕು. ಒಳ್ಳೆಯದರಲ್ಲಿ ಬಾಯಿಯ ಸುತ್ತ ಇನ್ನೊಂದು ಪಟ್ಟಿ ಚರ್ಮ ಹೊಲಿದು ಗಟ್ಟಿ ಮಾಡಿರುತ್ತಾರೆ. ಬಾಯಿ ಕುಸಿದು ಮುಚ್ಚಿಕೊಂಡರೆ ಅದನ್ನು ತೆರೆಯಲು ಎಡಗೈ ಬೇಕಾಗುತ್ತದೆ, ಆಗ ನಳಿಗೆ ನಿಮ್ಮದೇ ಬೆರಳಿನತ್ತ ಇರುತ್ತದೆ. ಮುಂದೆ, ಗನ್ ಒಳಗಿಟ್ಟು ಟ್ರಿಗರ್ ಇರುವ ಜಾಗವನ್ನು ಹೊರಗಿನಿಂದ ಹೆಬ್ಬೆರಳಲ್ಲಿ ಒತ್ತಿ. ಚರ್ಮ ಒಳಕ್ಕೆ ಹೋಗಿ ಟ್ರಿಗರ್ ಅಲುಗಿದ್ದು ಗೊತ್ತಾದರೆ ಅಲ್ಲಿಗೇ ಬಿಡಿ, ಅದನ್ನು ಕೊಳ್ಳಬೇಡಿ. ನಂತರ ಹೋಲ್‌ಸ್ಟರನ್ನು ತಲೆಕೆಳಗು ಮಾಡಿ ಹಾಸಿಗೆಯ ಮೇಲೆ ಮೆಲ್ಲಗೆ ಅಲುಗಿಸಿ. ಗನ್ ಬೀಳಬಾರದು. ಹಾಗಂತ ಎಳೆಯಲು ಒದ್ದಾಡುವ ಹಾಗೂ ಇರಬಾರದು. ಇದನ್ನು ರಿಟೆನ್ಶನ್ ಅನ್ನುತ್ತಾರೆ, ಅಂದರೆ ಹಿಡಿತ.

ತುಂಬ ಜನ ಮೆತ್ತಗಿರುವುದೇ ಹಿತ ಅಂದುಕೊಂಡು ಬಟ್ಟೆಯಂಥ ನೈಲಾನ್ ಹೋಲ್‌ಸ್ಟರ್ ತೆಗೆದುಕೊಳ್ಳುತ್ತಾರೆ. ಎಲ್ಲ ಅಳತೆಗೂ ಆಗುತ್ತದೆ ಅಂತ ಮಾರುತ್ತಾರೆ. ಯಾವ ಅಳತೆಗೂ ಸರಿಯಾಗಿ ಕೂರುವುದಿಲ್ಲ. ಒಳಗೆ ಗನ್ ತಿರುಗುತ್ತದೆ, ಮೂಲೆ ಮೈಗೆ ಚುಚ್ಚುತ್ತದೆ, ಮತ್ತೆ ಮತ್ತೆ ಕೈ ಅಲ್ಲಿಗೇ ಹೋಗುತ್ತದೆ. ಗಟ್ಟಿಯಾಗಿ, ಗನ್ನಿನ ಆಕಾರಕ್ಕೇ ಕೂತಿರುವ ಹೋಲ್‌ಸ್ಟರ್ ಮೊದಲ ವಾರ ಹೊಸ ಚಪ್ಪಲಿಯ ಹಾಗೆ ಬಿಗಿ ಅನಿಸುತ್ತದೆ, ಆಮೇಲೆ ಅದು ಇರುವುದೇ ಮರೆತುಹೋಗುತ್ತದೆ.

ಗಟ್ಟಿ ಅಂದಾಗ ಎರಡು ದಾರಿ. ಒಂದು ಕೈಡೆಕ್ಸ್, 1960ರ ದಶಕದಲ್ಲಿ ಅಮೆರಿಕದಲ್ಲಿ ಬಂದ, ವಿಮಾನದ ಒಳಭಾಗಕ್ಕೂ ಬಳಸಿದ ಪ್ಲಾಸ್ಟಿಕ್ ಹಾಳೆ. ಬಿಸಿ ಮಾಡಿ ಗನ್ನಿನ ಅಚ್ಚಿಗೆ ಒತ್ತುತ್ತಾರೆ. ಬೆವರು ಹೀರುವುದಿಲ್ಲ, ಬಾಯಿ ಎಂದೂ ಕುಸಿಯುವುದಿಲ್ಲ. ತೊಡಕು ಏನೆಂದರೆ ಆನ್‌ಲೈನಿನಲ್ಲಿ ಸಿಗುವ ಕೈಡೆಕ್ಸ್ ಹೋಲ್‌ಸ್ಟರ್‌ಗಳು ಬಹುತೇಕ ಗ್ಲಾಕ್‌ನಂಥ 9 ಎಂಎಂ ಪಿಸ್ತೂಲುಗಳ ಅಳತೆಯವು. ಆ ಬೋರು ಇಲ್ಲಿ ಸಾಮಾನ್ಯ ಲೈಸೆನ್ಸಿಗೆ ಸಿಗುವುದೇ ಇಲ್ಲ. ನಮ್ಮ .32 ರಿವಾಲ್ವರಿನ ಉಬ್ಬಿದ ಸಿಲಿಂಡರಿಗೆ ಅದು ಎಲ್ಲಿಂದ ಕೂರಬೇಕು?

ಹಾಗಾಗಿ ಚರ್ಮವೇ ಹೆಚ್ಚು ಕೈಗೆಟುಕುವ ದಾರಿ, ಅದೂ ಅಳತೆ ಕೊಟ್ಟು ಮಾಡಿಸಿದ್ದು. ಸುಮಾರು 3 ಮಿಲಿಮೀಟರ್ ದಪ್ಪದ, ಗಿಡದ ತೊಗಟೆಯಲ್ಲಿ ಹದ ಮಾಡಿದ ಚರ್ಮ ಕೇಳಿ. ನಮ್ಮ ಬಯಲಿನಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಅದರ ತೊಗಟೆ ದಕ್ಷಿಣ ಭಾರತದಲ್ಲಿ ಚರ್ಮ ಹದ ಮಾಡಲು ಹಿಂದಿನಿಂದಲೂ ಬಳಕೆಯಲ್ಲಿದೆ. ಇಂಥ ಚರ್ಮವನ್ನು ನೆನೆಸಿ ಅಚ್ಚಿಗೆ ಒತ್ತಿ ಒಣಗಿಸಿದರೆ ಆಕಾರ ಹಾಗೇ ನಿಲ್ಲುತ್ತದೆ. ಕ್ರೋಮ್ ಹದದ, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ, ಚರ್ಮ ಮೆತ್ತಗೇ ಉಳಿಯುತ್ತದೆ, ಅದರ ಲವಣ ಗನ್ನಿಗೆ ತುಕ್ಕನ್ನೂ ಹಿಡಿಸಬಲ್ಲದು. ಮಾಡಿಸುವಾಗ ಒಂದು ಎಚ್ಚರ: ಚರ್ಮದ ಕೆಲಸದವರ ಹತ್ತಿರ ನಿಮ್ಮ ಗನ್ ಬಿಟ್ಟು ಬರಬೇಡಿ. ಲೈಸೆನ್ಸ್ ಇಲ್ಲದವರ ಕೈಗೆ ಆಯುಧ ಕೊಟ್ಟ ಹಾಗಾಗುತ್ತದೆ. ಕಾಗದದ ಮೇಲೆ ಗೆರೆ ಎಳೆದು, ದಪ್ಪದ ಅಳತೆ ತೆಗೆದು, ಬಡಗಿಯಿಂದ ಒಂದು ಮರದ ಅಚ್ಚು ಮಾಡಿಸಿ ಅದನ್ನು ಕೊಡಿ. ಮೈ ಕಡೆಗೆ ಬರುವ ಚರ್ಮವನ್ನು ಗನ್ನಿನ ಹಿಂಭಾಗದವರೆಗೆ ಎತ್ತರಿಸಿ ಕತ್ತರಿಸಲು ಹೇಳಿ. ಬಿಸಿ ಕಬ್ಬಿಣ ಮೈಗೆ ತಾಗುವುದಿಲ್ಲ, ಬೆವರು ಕಬ್ಬಿಣಕ್ಕೆ ತಾಗುವುದಿಲ್ಲ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟುವ ನಮ್ಮಂಥ ಊರಿನಲ್ಲಿ ಆ ಒಂದು ಅಂಗೈ ಚರ್ಮಕ್ಕೆ ಬಹಳ ಬೆಲೆ ಇದೆ. ಒಳಗೊಂದು ಹತ್ತಿ ಬನಿಯನ್ನೂ ಇರಲಿ.

ತಂದ ಹೊಸ ಹೋಲ್‌ಸ್ಟರನ್ನು ಮೊದಲು ಮನೆಯೊಳಗೆ, ಖಾಲಿ ಗನ್ನಿನೊಂದಿಗೆ ಕಟ್ಟಿಕೊಂಡು ನೋಡಿ. ನೆಲದ ಮೇಲೆ ಕೂತು ಊಟ ಮಾಡಿ, ಬಗ್ಗಿ ಚಪ್ಪಲಿ ಹಾಕಿಕೊಳ್ಳಿ, ನಿಂತ ಬೈಕಿನ ಮೇಲೆ ಕೂತು ನೋಡಿ. ಒಂದು ಕಡೆ ಚುಚ್ಚಿದರೆ ಅರ್ಧ ಇಂಚು ಸರಿಸಿ ಮತ್ತೆ ಕೂತು ನೋಡಿ. ವಾಪಸ್ ಹಾಕುವುದನ್ನೂ ಆಗಲೇ ರೂಢಿ ಮಾಡಿಕೊಳ್ಳಿ: ಬೆರಳು ಟ್ರಿಗರಿನಿಂದ ದೂರ, ಅಂಗಿಯ ಅಂಚು ಮೇಲಕ್ಕೆ, ಕಣ್ಣು ಹೋಲ್‌ಸ್ಟರಿನ ಬಾಯಿಯ ಮೇಲೆ, ಅವಸರ ಬೇಡವೇ ಬೇಡ. ಅರಿಯದೆ ಗುಂಡು ಹಾರುವ ಅವಘಡ ಈ ಹೊತ್ತಿನಲ್ಲಿ ಸುಲಭವಾಗಿ ಆಗಿಬಿಡಬಹುದು. ಅಂಗಿಯ ಮೂಲೆಯೋ, ಜಾಕೆಟ್ಟಿನ ದಾರವೋ, ಮಡಚಿದ ಚರ್ಮವೋ ಟ್ರಿಗರಿಗೆ ಸಿಕ್ಕಿದರೆ ಸಾಕು.

ರಾತ್ರಿ ಗನ್ನನ್ನು ಚರ್ಮದೊಳಗೇ ಬಿಡಬೇಡಿ, ಚರ್ಮ ಹೀರಿದ ಬೆವರು ಬೆಳಗಾಗುವಷ್ಟರಲ್ಲಿ ಕಬ್ಬಿಣಕ್ಕೆ ದಾಟುತ್ತದೆ. ಗನ್ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ ಬೀಗದೊಳಗಿಡಿ. ಹೋಲ್‌ಸ್ಟರ್ ನೆರಳಲ್ಲಿ ಒಣಗಲಿ, ಬಿಸಿಲಿಗಿಟ್ಟರೆ ಬಿರಿಯುತ್ತದೆ. ಒಳಗೆ ಸೇರಿದ ಕೆಮ್ಮಣ್ಣಿನ ಧೂಳನ್ನು ಆಗಾಗ ಒಣ ಬ್ರಶ್ಶಿನಿಂದ ತೆಗೆಯಿರಿ. ಕ್ಲಿಪ್ಪಿನ ಸ್ಕ್ರೂ, ಹೊಲಿಗೆ, ಬಾಯಿಯ ಪಟ್ಟಿ ತಿಂಗಳಿಗೊಮ್ಮೆ ನೋಡಿ. ಬಾಯಿ ಮೆತ್ತಗಾಗಿ ಒಳಕ್ಕೆ ಮಡಚಲು ಶುರುವಾಗಿದ್ದರೆ ಆ ಹೋಲ್‌ಸ್ಟರಿನ ಕಾಲ ಮುಗಿದಿದೆ. ಅದನ್ನು ಇನ್ನೊಬ್ಬರಿಗೆ ಕೊಡದೆ, ಎರಡು ತುಂಡು ಮಾಡಿ ಬಿಸಾಕಿ.