ಬೆಂಕಿ ಹಚ್ಚುವವರು ಹೋದ ಮೇಲೆ ಬಿಲ್ಬಿಯೂ ಹೋಯಿತು

ರಜೆಗೆ ಊರಿಗೆ ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಆಸ್ಟ್ರೇಲಿಯಾದ ಮೂಲನಿವಾಸಿಗಳು ಉಡ ಹೊಡೀತಾರೆ, ಕಡಲಾಮೆ ತಿಂತಾರೆ, ಬಯಲಿಗೆ ಬೆಂಕಿ ಬೇರೆ ಹಾಕ್ತಾರೆ. ಅವರನ್ನ ಕಟ್ಟಿಕೊಂಡು ನೀವು ಪ್ರಾಣಿ ಹೇಗೆ ಉಳಿಸ್ತೀರಿ?" ಪ್ರಶ್ನೆ ಸಹಜವೇ. ಜನರನ್ನು ಹೊರಗಿಟ್ಟರೆ ಕಾಡು ತಾನಾಗಿ ಚೆನ್ನಾಗಿರುತ್ತದೆ ಎಂಬ ಪಾಠ ಕೇಳಿಕೊಂಡೇ ನಾವೆಲ್ಲ ಬೆಳೆದಿದ್ದು. ನಾನು ಕೆಲಸ ಮಾಡುವ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯಲ್ಲಿ ಆಗಿದ್ದು ಉಲ್ಟಾ. ಮೊದಲು ಜನ ಹೋದರು. ಆಮೇಲೆ ಪ್ರಾಣಿಗಳು ಹೋದವು.

ಗಿಬ್ಸನ್ ಮತ್ತು ಗ್ರೇಟ್ ಸ್ಯಾಂಡಿ ಮರುಭೂಮಿಗಳಲ್ಲಿ ಮಾರ್ಟು, ಪಿಂಟುಪಿ ಎಂಬ ಮೂಲನಿವಾಸಿ ಜನ ತೀರಾ ಇತ್ತೀಚಿನವರೆಗೂ ತಮ್ಮ ಪಾಡಿಗೆ ತಾವು ಬದುಕಿದ್ದರು. ಬರಗಾಲ, ಮಿಷನ್‌ಗಳಲ್ಲಿ ಸಿಗುವ ಊಟ, ದನದ ಫಾರ್ಮುಗಳ ಕೆಲಸ ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಕುಟುಂಬ ಜಾಗ ಬಿಟ್ಟಿತು. 1964ರಲ್ಲಿ ಇನ್ನೊಂದು ವಿಚಿತ್ರ ಕಾರಣ ಬಂತು. ದಕ್ಷಿಣ ಆಸ್ಟ್ರೇಲಿಯಾದ ರಾಕೆಟ್ ಪರೀಕ್ಷಾ ಕೇಂದ್ರ ವೂಮೆರಾದಿಂದ ಹಾರಿಸುವ ಬ್ರಿಟನ್ನಿನ ಬ್ಲೂ ಸ್ಟ್ರೀಕ್ ರಾಕೆಟ್ ಬೀಳುವ ದಾರಿಯಲ್ಲಿದ್ದಾರೆಂದು ಪರ್ಸಿವಲ್ ಸರೋವರಗಳ ಬಳಿ ಉಳಿದಿದ್ದ ಮಾರ್ಟು ಹೆಂಗಸರು, ಮಕ್ಕಳನ್ನು ಸರ್ಕಾರಿ ಗಸ್ತಿನವರು ಹುಡುಕಿ ಹೊರಗೆ ಕರೆದೊಯ್ದರು. ಪಿಂಟುಪಿಗಳ ಕೊನೆಯ ಒಂಬತ್ತು ಜನ ಹೊರಗೆ ಬಂದದ್ದು 1984ರಲ್ಲಿ.

ವೂಮೆರಾದ ರಾಕೆಟ್ ಪರೀಕ್ಷೆಗಳಿಗಾಗಿಯೇ 1953ರಲ್ಲಿ ವಿಮಾನದಿಂದ ಫೋಟೋ ತೆಗೆದಿದ್ದರು. ದಶಕಗಳ ನಂತರ ಸಂಶೋಧಕರು ಅವನ್ನು ಹರವಿಕೊಂಡು ನೋಡಿದರೆ ನೆಲದ ತುಂಬ ಜನ ಹಚ್ಚಿದ ಬೆಂಕಿಯ ಗುರುತು. ಒಂದೊಂದೂ ಚಿಕ್ಕದು. ಇಲ್ಲಿ ಈ ವರ್ಷದ್ದು, ಪಕ್ಕದಲ್ಲಿ ಹೋದ ವರ್ಷದ್ದು, ಅದರಾಚೆ ಹಳೇ ಹುಲ್ಲು. ಜನ ಖಾಲಿಯಾದ ಮೇಲಿನ ಉಪಗ್ರಹ ಚಿತ್ರಗಳಲ್ಲಿ ಈ ಕೌದಿ ಮಾಯ. ಅದರ ಜಾಗದಲ್ಲಿ ಸಿಡಿಲಿನಿಂದ ಹತ್ತಿದ ದೈತ್ಯ ಬೆಂಕಿಗಳು. ಸ್ಪಿನಿಫೆಕ್ಸ್ ಎಂಬ ಈ ಮುಳ್ಳುಹುಲ್ಲಿನಲ್ಲಿ ಅಂಟು ಜಾಸ್ತಿ. ಹಲವು ವರ್ಷ ಸುಡದೆ ಬೆಳೆದು ಒಂದಕ್ಕೊಂದು ತಾಗಿಬಿಟ್ಟರೆ, ಒಂದು ಕಿಡಿ ಸಾಕು. ನೂರಾರು ಚದರ ಕಿಲೋಮೀಟರ್ ಒಂದೇ ಸಲ ಬೋಳಾಗುತ್ತದೆ.

ಇದರಿಂದ ಬಿಲ್ಬಿಗೆ ಏನಾಯಿತು? ಬಿಲ್ಬಿ ಮೊಲದಷ್ಟು ದೊಡ್ಡ, ಉದ್ದ ಕಿವಿಯ, ಚೂಪು ಮೂತಿಯ ಪ್ರಾಣಿ. ಕಾಂಗರೂ ಹಾಗೆ ಹೊಟ್ಟೆಯಲ್ಲಿ ಚೀಲವಿದೆ, ಆದರೆ ಚೀಲದ ಬಾಯಿ ಹಿಂದಕ್ಕೆ. ಬಿಲ ತೋಡುವಾಗ ಮರಿಯ ಮೇಲೆ ಮರಳು ಬೀಳಬಾರದಲ್ಲ! ಒಂದು ಕಾಲಕ್ಕೆ ಆಸ್ಟ್ರೇಲಿಯಾದ ಮುಖ್ಯ ಭೂಭಾಗದ ಮುಕ್ಕಾಲು ಪಾಲಿನಲ್ಲಿ ಇದು ಇತ್ತು. ಈಗ ಕೆಲವೇ ಕಡೆ ಇದೆ. ಇದರ ತಮ್ಮನಂಥ ಚಿಕ್ಕ ಬಿಲ್ಬಿ ಪೂರ್ತಿ ನಿರ್ನಾಮವಾಯಿತು. ಸುಟ್ಟ ನೆಲದಲ್ಲಿ ಮಳೆಯ ಬಳಿಕ ಏಳುವ ಹುಲ್ಲಿನ ಬೀಜ, ಗೆಡ್ಡೆ ಇದಕ್ಕೆ ಬೇಕು. ಜಾಲಿಯ ಜಾತಿಯ ಪೊದೆಗಳ ಬೇರಿನೊಳಗಿನ ಹುಳವೂ ಬೇಕು. ಅಂದರೆ ಹೊಸದಾಗಿ ಸುಟ್ಟ ಜಾಗವೂ ಹಳೆಯ ಪೊದೆಯೂ ಹತ್ತಿರ ಹತ್ತಿರ ಇರಬೇಕು. ದೈತ್ಯ ಬೆಂಕಿ ಬಂದರೆ ಅಡಗಲು ಏನೂ ಉಳಿಯುವುದಿಲ್ಲ, ಬೆಕ್ಕಿಗೆ ಹಬ್ಬ.

ಹೌದು, ಬೆಕ್ಕು. ಯುರೋಪಿಯನ್ನರ ಜೊತೆ ಬಂದು ಕಾಡುಪಾಲಾದ ಸಾಕುಬೆಕ್ಕು. 20ಕ್ಕೂ ಹೆಚ್ಚು ಜಾತಿಯ ಸಸ್ತನಿಗಳ ನಿರ್ನಾಮದಲ್ಲಿ ಇದರ ಕೈವಾಡವಿದೆ ಎಂದು ತಜ್ಞರ ಲೆಕ್ಕ. ನರಿಯೂ ಸೇರಿಕೊಂಡಿತು. ಹಾಗಾಗಿ ಬೆಂಕಿಯೊಂದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಬೆಕ್ಕಿನ ವಿಷಯಕ್ಕೂ ಮನುಷ್ಯ ಬೇಕು. ಗಿಬ್ಸನ್ ಮರುಭೂಮಿಯ ಕಿವಿರ್ಕುರಾದಲ್ಲಿ ಪಿಂಟುಪಿ ಹಿರಿಯ ಹೆಂಗಸರು ಬೆಕ್ಕಿನ ಹೆಜ್ಜೆ ಹಿಡಿದು ನಡೆದೇ ಅದನ್ನು ದಣಿಸಿ ಹೊಡೆಯುತ್ತಾರೆ. ಸುಟ್ಟು ತಿನ್ನುತ್ತಾರೆ ಕೂಡ. ಮರುಭೂಮಿಯ ಬೆಕ್ಕು ವಿಷದ ಆಮಿಷಕ್ಕೆ ಸುಲಭವಾಗಿ ಬೀಳುವುದಿಲ್ಲ, ಅದಕ್ಕೆ ಜೀವಂತ ಬೇಟೆಯೇ ಇಷ್ಟ. ಹೀಗೆ ಬೇಟೆಯಾಡುವ ಕಡೆ ಬಿಲ್ಬಿಯೂ ತ್ಜಾಕುರಾ ಎಂಬ ದೊಡ್ಡ ಮರಳುಹಲ್ಲಿಯೂ ಉಳಿದುಕೊಂಡಿವೆ. ತ್ಜಾಕುರಾ ಕುಟುಂಬ ಸಮೇತ ಒಂದೇ ಬಿಲದಲ್ಲಿ ಇರುತ್ತದೆ. ಬಿಲದ ಹೊರಗೆ ಎಲ್ಲರಿಗೂ ಸೇರಿ ಒಂದೇ ಕಕ್ಕಸು. ನಮಗೆ ಅದು ವರದಾನ. ಹಿಕ್ಕೆಯ ಗಾತ್ರ ನೋಡಿದರೆ ಮರಿ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಉಡದ ಕಥೆ ಇನ್ನೂ ಮಜವಾಗಿದೆ. ಪಾರ್ನ್‌ಗುರ್ ಎಂಬ ಊರಿನ ಮಾರ್ಟು ಹೆಂಗಸರು ಚಳಿಗಾಲದಲ್ಲಿ ಸಣ್ಣದಾಗಿ ಹುಲ್ಲು ಸುಟ್ಟು ಉಡದ ಬಿಲ ಹುಡುಕುತ್ತಾರೆ. ಬೇಟೆ ಜಾಸ್ತಿ ಇರುವ ಕಡೆ ಉಡ ಕಡಿಮೆ ಇರಬೇಕಲ್ವಾ? ಅಮೆರಿಕದ ಮಾನವಶಾಸ್ತ್ರಜ್ಞರು ವರ್ಷಗಟ್ಟಲೆ ಜೊತೆಗಿದ್ದು ಲೆಕ್ಕ ಹಾಕಿದರೆ, ಬೇಟೆ ಜಾಸ್ತಿ ಇರುವ ಕಡೆಯೇ ಉಡವೂ ಜಾಸ್ತಿ. ಹೊಡೆದದ್ದಕ್ಕಿಂತ ಬೆಂಕಿ ಮಾಡಿಕೊಟ್ಟ ನೆಲೆಯ ಲಾಭ ದೊಡ್ಡದು.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದನ್ನು ಓದಿದರೆ ನಗಬಹುದು. ಅವರ ತರಗು ಬೆಂಕಿಯ ವಾದ ಇದೇ ತಾನೆ? 1974ರಲ್ಲಿ ಅಭಯಾರಣ್ಯವಾದ ಮೇಲೆ ತರಗೆಲೆ ಸುಡುವುದು ನಿಂತಿತು. ಅದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎಂದು ಅವರು ಹೇಳುತ್ತಲೇ ಬಂದಿದ್ದಾರೆ. ಮರುಭೂಮಿಯ ಲೆಕ್ಕವನ್ನು ಪಶ್ಚಿಮಘಟ್ಟದ ಅಂಚಿನ ಕಾಡಿಗೆ ಹಾಗೇ ಅಂಟಿಸಲು ಆಗುವುದಿಲ್ಲ, ನಿಜ. ಆದರೆ ಅವರನ್ನು ಕೂರಿಸಿಕೊಂಡು ಕೇಳುವುದಕ್ಕೆ ಏನಡ್ಡಿ?

ಇನ್ನು ನಮ್ಮ ಕೆಲಸದ ರೀತಿ. ಬೆಳಗ್ಗೆ ಬಿಸಿಲು ಓರೆಯಾಗಿದ್ದಾಗ ಹೊರಡಬೇಕು. ಆಗ ಹೆಜ್ಜೆಯ ಅಂಚಿಗೆ ನೆರಳು ಬೀಳುತ್ತದೆ. ಎರಡು ಹೆಕ್ಟೇರ್ ಜಾಗ ಗುರುತು ಮಾಡಿಕೊಂಡು ಎಲ್ಲರೂ ಹರಡಿಕೊಂಡು ನಡೆಯುತ್ತೇವೆ. ಅರ್ಧ ಗಂಟೆ ಸಾಕು. ಕಂಡ ಹೆಜ್ಜೆ, ಹಿಕ್ಕೆ, ಅಗೆದ ಗುಂಡಿ ಎಲ್ಲವೂ ಫೋನಿನ ಆ್ಯಪ್‌ಗೆ ಹೋಗುತ್ತವೆ. ಓದಲು ಬಾರದ ಹಿರಿಯರಿಗೂ ಅನುಕೂಲವಾಗಲಿ ಎಂದು ಅದರಲ್ಲಿ ಚಿತ್ರಗಳಿವೆ. ಬಿಲ್ಬಿಯ ಹಿಕ್ಕೆಯನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿ ಒಂದು ಜಾಗದಲ್ಲಿ ಎಷ್ಟು ಪ್ರಾಣಿ ಇವೆ ಎಂದು ತಿಳಿಯುತ್ತೇವೆ. ಲ್ಯಾಬಿನ ಪಾಲು ಇಷ್ಟೇ. ಈ ಹೆಜ್ಜೆ ನಿನ್ನೆಯದೋ ಮೊನ್ನೆಯದೋ, ಹೊಟ್ಟೆಯಲ್ಲಿ ಮರಿ ಹೊತ್ತ ಹೆಣ್ಣಿನದೋ ಎಂದು ಹೇಳುವವರು ತಮ್ಮ ನೆಲವನ್ನು ನೋಡಿಕೊಳ್ಳುವ ಮೂಲನಿವಾಸಿ ರೇಂಜರ್‌ಗಳು ಮತ್ತು ಅವರ ಅಜ್ಜಿಯರು.

ನೈಟ್ ಪ್ಯಾರಟ್ ಎಂಬ ಹಸಿರು ಗಿಳಿಯ ವಿಷಯದಲ್ಲೂ ಹೀಗೇ. ರಾತ್ರಿ ಮಾತ್ರ ಓಡಾಡುವ ಈ ಹಕ್ಕಿ ಸತ್ತೇಹೋಗಿದೆ ಎಂದು ಎಷ್ಟೋ ಜನ ನಂಬಿದ್ದರು. ಗ್ರೇಟ್ ಸ್ಯಾಂಡಿಯ ಙುರುರ್‌ಪಾ ರೇಂಜರ್‌ಗಳು ಹಳೆಯ, ದಟ್ಟ ಸ್ಪಿನಿಫೆಕ್ಸ್ ಎಲ್ಲೆಲ್ಲಿದೆ ಎಂದು ಬಲ್ಲವರು. ಅಲ್ಲಿ ಧ್ವನಿಮುದ್ರಕ ಇಟ್ಟರು. 2024ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಅಲ್ಲಿ 50ರವರೆಗೆ ಹಕ್ಕಿಗಳಿರಬಹುದು. ಗೊತ್ತಿರುವ ಯಾವ ಜಾಗದಲ್ಲೂ ಇಷ್ಟಿಲ್ಲ. ಡಿಂಗೋ ನಾಯಿಯ ಹಿಕ್ಕೆಯಲ್ಲಿ ಬೆಕ್ಕಿನ ಅವಶೇಷವೂ ಸಿಕ್ಕಿತು. ಹಾಗಾಗಿ ಅಲ್ಲಿ ಡಿಂಗೋಗೆ ವಿಷ ಇಡಬೇಡಿ ಎಂಬುದು ಅಧ್ಯಯನ ಮಾಡಿದವರ ಸಲಹೆ. ಈ ಹಕ್ಕಿಗೆ ಬೇಕಿರುವುದು ಸುಡದ ಹುಲ್ಲು. ಸಿಡಿಲಿನ ಬೆಂಕಿ ಅಲ್ಲಿಗೆ ನುಗ್ಗದಂತೆ ತಡೆಯಲು ಸುತ್ತಮುತ್ತ ಸುಡಬೇಕು.

ಗ್ರೇಟ್ ಸ್ಯಾಂಡಿ ಪಶ್ಚಿಮಕ್ಕೆ ಹೋಗಿ ನೇರ ಸಮುದ್ರಕ್ಕೇ ಮುಟ್ಟುತ್ತದೆ. ಅಲ್ಲಿರುವುದು ಏಯ್ಟಿ ಮೈಲ್ ಬೀಚ್. ಹೆಸರಿಗೆ ಎಂಬತ್ತು ಮೈಲಿ, ಅಳೆದರೆ ಸುಮಾರು 220 ಕಿಲೋಮೀಟರ್. ಕರಜರಿ, ನ್ಯಾಂಗುಮಾರ್ತಾ ಸಮುದಾಯಗಳ ರೇಂಜರ್‌ಗಳಿಗೆ ಮರಳುಗಾಡೂ ಕಡಲೂ ಎರಡೂ ತಮ್ಮದೇ. ಬೀಚಿನಲ್ಲಿ ಮೊಟ್ಟೆಯಿಡುವುದು ಫ್ಲಾಟ್‌ಬ್ಯಾಕ್ ಆಮೆ. ಇಡೀ ಪ್ರಪಂಚದಲ್ಲಿ ಇದು ಮೊಟ್ಟೆಯಿಡುವುದು ಆಸ್ಟ್ರೇಲಿಯಾದಲ್ಲಿ ಮಾತ್ರ. ಒಂದು ಗೂಡಿಗೆ ಸುಮಾರು 50 ಮೊಟ್ಟೆ. ಬೇರೆ ಆಮೆಗಳಿಗೆ ಹೋಲಿಸಿದರೆ ಕಡಿಮೆ, ಆದರೆ ಮೊಟ್ಟೆ ದಪ್ಪ.

ಕಡಲಾಮೆ, ಕಡಲಹಸು ಬೇಟೆಗೆ ಬರೋಣ. 1993ರ ನೇಟಿವ್ ಟೈಟಲ್ ಕಾಯ್ದೆ ಪ್ರಕಾರ ಮೂಲನಿವಾಸಿಗಳು ತಮ್ಮ ಊಟಕ್ಕೆ, ಸಂಪ್ರದಾಯಕ್ಕೆ ಬೇಟೆಯಾಡಬಹುದು. ಮಾರುವಂತಿಲ್ಲ. ಯಾವ ಕಾಲದಲ್ಲಿ, ಯಾರು, ಎಲ್ಲಿ ಎಂಬ ಕಟ್ಟಳೆ ಹಿರಿಯರದ್ದು. ನನ್ನನ್ನು ಕೇಳಿದರೆ, ಬೇಟೆಯ ಬಗ್ಗೆ ನಗರದವರು ಮಾಡುವ ಗಲಾಟೆಯ ಕಾಲು ಭಾಗ ಬಲೆಗಳ ಬಗ್ಗೆ ಮಾಡಿದ್ದರೆ ಆಮೆಗೆ ಜಾಸ್ತಿ ಉಪಕಾರ ಆಗುತ್ತಿತ್ತು. ಉತ್ತರದ ಕಾರ್ಪೆಂಟೇರಿಯಾ ಕೊಲ್ಲಿಗೆ ಪಕ್ಕದ ಅರಫುರಾ ಸಮುದ್ರದಿಂದ ಬಿಟ್ಟುಹೋದ ಮೀನುಬಲೆಗಳು ತೇಲಿ ಬರುತ್ತವೆ. ಬಹುಪಾಲು ಹೊರದೇಶದವರದ್ದು. ಸಿಕ್ಕಿಕೊಳ್ಳುವುದರಲ್ಲಿ ಆಲಿವ್ ರಿಡ್ಲಿಯೇ ಮುಂದು. ಹೊನ್ನಾವರದ ಕಡಲತೀರಕ್ಕೆ ಬರುವ ಅದೇ ಜಾತಿ. ಮೂಲನಿವಾಸಿ ರೇಂಜರ್‌ಗಳು ವರ್ಷಗಳಿಂದ ಇವನ್ನು ಕತ್ತರಿಸಿ ದಡಕ್ಕೆ ಎಳೆಯುತ್ತಿದ್ದಾರೆ. ಕೇಪ್ ಯಾರ್ಕ್‌ನ ಪಶ್ಚಿಮ ತೀರದಲ್ಲಿ ಕಾಡುಪಾಲಾದ ಹಂದಿಗಳು ಒಂದೂ ಗೂಡು ಬಿಡದೆ ಮೊಟ್ಟೆ ತಿನ್ನುತ್ತಿದ್ದವು. ಅಲ್ಲಿನ ರೇಂಜರ್‌ಗಳು ಹಂದಿ ಕಡಿಮೆ ಮಾಡಿದ ಮೇಲೆ ಮರಿಗಳು ಮತ್ತೆ ನೀರಿಗೆ ಇಳಿಯುತ್ತಿವೆ.

ಹೊರಗಿನಿಂದ ಬಂದ ನಮ್ಮಂಥವರಿಗೆ ಕೆಲವು ರೂಢಿಗಳಿವೆ. ಕೆಲವು ಜಾಗ ಹೆಂಗಸರದ್ದು, ಕೆಲವು ಗಂಡಸರದ್ದು. ಕೇಳದೆ ಕ್ಯಾಮೆರಾ ಕಟ್ಟುವಂತಿಲ್ಲ. ಬಿಲ್ಬಿಯ ಬಿಲ ಎಲ್ಲಿದೆ ಎಂಬ ಮಾಹಿತಿ ಆ ಸಮುದಾಯದ್ದು, ನನ್ನ ಲ್ಯಾಪ್‌ಟಾಪಿನದ್ದಲ್ಲ. ಊರಿನಲ್ಲಿ ಸಾವಾದರೆ ಕೆಲಸ ನಿಲ್ಲುತ್ತದೆ, ಕೆಲವೊಮ್ಮೆ ವಾರಗಟ್ಟಲೆ. ಹೆಲಿಕಾಪ್ಟರ್ ಬುಕ್ ಆಗಿದೆ ಎಂದು ಗೊಣಗುವವರು ಈ ಕೆಲಸಕ್ಕೆ ಬರಬಾರದು. ಹಣ ಕೊಡುವವರೂ ಈ ವಿಳಂಬವನ್ನು ಬಜೆಟ್ಟಿನಲ್ಲೇ ಸೇರಿಸಬೇಕು.

ಹಣದ ಮಾತು ಬಂತಲ್ಲ. ಮೂಲನಿವಾಸಿಗಳೇ ನೋಡಿಕೊಳ್ಳುವ ಮೊದಲ ಸಂರಕ್ಷಿತ ಪ್ರದೇಶ, ದಕ್ಷಿಣ ಆಸ್ಟ್ರೇಲಿಯಾದ ನಾಂಟವರಿನಾ, ಘೋಷಣೆಯಾಗಿದ್ದು 1998ರಲ್ಲಿ. ರೇಂಜರ್‌ಗಳಿಗೆ ಕೇಂದ್ರ ಸರ್ಕಾರ ಸಂಬಳ ಕೊಡುವ ಕಾರ್ಯಕ್ರಮ ಶುರುವಾಗಿದ್ದು 2007ರಲ್ಲಿ. ಇವತ್ತು ದೇಶದ ಸಂರಕ್ಷಿತ ನೆಲದಲ್ಲಿ ಸುಮಾರು ಅರ್ಧ ಹೀಗೆ ಮೂಲನಿವಾಸಿಗಳು ನೋಡಿಕೊಳ್ಳುವಂಥದ್ದೇ. ಆದರೂ ಸಂಬಳ ಕೆಲವೇ ವರ್ಷಗಳ ಅನುದಾನಕ್ಕೆ ನೇತುಹಾಕಿಕೊಂಡಿದೆ. ಪ್ರಾಣಿ ಉಳಿಸಲು ಏನು ಮಾಡಬೇಕು ಎಂದು ಕೇಳಿದರೆ ನಾನು ಮೊದಲು ಹೇಳುವುದು ಸಂಬಳದ ಮಾತೇ. ಸಂಬಳ ನಿಂತರೆ ಜನ ಮತ್ತೆ ದೂರದ ಪಟ್ಟಣಕ್ಕೆ ಹೋಗುತ್ತಾರೆ.

ಇಷ್ಟಾದರೂ ಹಳೆಯ ಜ್ಞಾನಕ್ಕೂ ಬಗ್ಗದ ಒಂದು ತಲೆನೋವಿದೆ, ಬಫೆಲ್ ಹುಲ್ಲು. ಇದರ ಬೇರು ನಮ್ಮ ಕಡೆಗೂ ಇದೆ. ನಮ್ಮ ಒಣಭೂಮಿಯ ಅಂಜನ್ ಹುಲ್ಲೇ ಇದು. 19ನೇ ಶತಮಾನದಲ್ಲಿ ಆಗಿನ ಬ್ರಿಟಿಷ್ ಇಂಡಿಯಾ, ಅಫ್ಘಾನಿಸ್ತಾನದ ಕಡೆಯಿಂದ ಬಂದ ಒಂಟೆಗಳ ಜೀನಿನ ಮೆತ್ತೆಯಲ್ಲಿ ಇದರ ಬೀಜವೂ ಬಂತು. ಆಮೇಲೆ ದನದ ಮೇವಿಗೆಂದು ಬೇಕಂತಲೇ ಬಿತ್ತಿದರು. ಇದು ಸ್ಥಳೀಯ ಹುಲ್ಲಿಗಿಂತ ಜೋರಾಗಿ ಉರಿದು, ಸುಟ್ಟ ಕೂಡಲೇ ಮತ್ತೆ ಚಿಗುರುತ್ತದೆ. ಸಣ್ಣ ಬೆಂಕಿಯ ಉಪಾಯ ಇಲ್ಲಿ ಇದಕ್ಕೇ ಅನುಕೂಲ ಮಾಡಿಕೊಡುತ್ತದೆ. ದಕ್ಷಿಣ ಆಸ್ಟ್ರೇಲಿಯಾ 2015ರಲ್ಲಿ, ನಾರ್ದರ್ನ್ ಟೆರಿಟರಿ 2024ರಲ್ಲಿ ಇದನ್ನು ಕಳೆ ಎಂದು ಘೋಷಿಸಿದವು. ದನ ಸಾಕುವವರಿಗೆ ಅದು ಹಿಡಿಸಿಲ್ಲ. ರೇಂಜರ್‌ಗಳು ಸದ್ಯಕ್ಕೆ ದಾರಿಯ ಬದಿಯಲ್ಲಿ ಕಂಡದ್ದನ್ನು ಗುದ್ದಲಿಯಿಂದ ಕೀಳುತ್ತಾರೆ, ಉಳಿದದ್ದಕ್ಕೆ ಔಷಧಿ ಹೊಡೆಯುತ್ತಾರೆ.