ಮಾರ್ಚ್ ತಿಂಗಳಲ್ಲಿ ಸೀಳಿದ ಬಾಗಿಲು

ನಂದಿಬೆಟ್ಟದ ತಪ್ಪಲಿನಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಭಾವನಿಗೆ ವೈನ್ ಕುಡಿಯುವ ಚಟವಿಲ್ಲ, ಬಾಟಲಿ ಕೂಡಿಡುವ ಹುಚ್ಚಿದೆ. ಅವರ ಕಲ್ಲುಕಂಬದ ಚಪ್ಪರದಲ್ಲಿ ತೂಗುವ ಬೆಂಗಳೂರು ಬ್ಲೂ ಹಣ್ಣು ಹೆಚ್ಚಾಗಿ ತಿನ್ನಲು ಮತ್ತು ರಸಕ್ಕೆ ಹೋಗುತ್ತದೆ. ವೈನ್ ತಯಾರಿಸುವ ಪರಿಚಯದವರು ಕೊಟ್ಟ ಬಾಟಲಿಗಳು ಮಾತ್ರ ಟಿ.ವಿ. ಮೇಲೆ, ಅಟ್ಟದಲ್ಲಿ, ಒಮ್ಮೆ ರಾಗಿ ಮೂಟೆಯ ಸಂದಿಯಲ್ಲೂ ಕಂಡವು. “ಮರಗೆಲಸ ಗೊತ್ತಲ್ಲ, ಭೌತಶಾಸ್ತ್ರ ಬೇರೆ ಪಾಠ ಮಾಡುತ್ತೀಯ. ಇವಕ್ಕೊಂದು ಪೆಟ್ಟಿಗೆ ಮಾಡಿಕೊಡು” ಎಂದರು. ದೇವರ ಮಂಟಪಕ್ಕೆ ಹೊಂದುವ ಹಲಸಿನ ಮರದಲ್ಲಿ ಇದೆಂಥ ಗೂಡು ಎಂದು ಅಕ್ಕ ಗೊಣಗಿದಳು.

ಶ್ರಾವಣದ ಜಿಟಿಜಿಟಿಯಲ್ಲಿ ಕೆಲಸ ಮುಗಿಸಿದೆ. ಬಾಗಿಲಿಗೆ 40 ಸೆಂ.ಮೀ. ಅಗಲದ ಒಂದೇ ಹಲಗೆ ಸಿಕ್ಕಿತ್ತು. ಅದನ್ನು ಚೌಕಟ್ಟಿನೊಳಗೆ ಕೂರಿಸಿ, ನಾಲ್ಕೂ ಅಂಚಿಗೆ ಧಾರಾಳವಾಗಿ ಗೋಂದು ಹಾಕಿ ಬಿಗಿದೆ. ಕೂದಲು ತೂರದಷ್ಟು ಬಿಗಿ ಎಂದು ನಾನೇ ಬೀಗಿದೆ. ಮಾರ್ಚ್‌ನ ಒಂದು ರಾತ್ರಿ ಮನೆಯವರು ಪಟಾಕಿ ಸಿಡಿಯಿತೆಂದು ಎದ್ದು ನೋಡಿದರೆ ಹಲಗೆ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು.

ಊರಿನ ಬಡಗಿ ಆಚಾರರನ್ನು ಕರೆತಂದೆ. ಅವರು ಹೆಬ್ಬೆರಳಿನ ಉಗುರನ್ನು ಬಿರುಕಿನುದ್ದಕ್ಕೂ ಎಳೆದು ನೋಡಿ, “ಮರ ಸತ್ತುಹೋಗಿದೆ ಎಂದುಕೊಂಡಿರಾ ಮೇಷ್ಟ್ರೇ?” ಎಂದರು. ತರಗತಿಯಲ್ಲಿ ಇಷ್ಟು ವರ್ಷ ಹಿಗ್ಗುವಿಕೆ ಕುಗ್ಗುವಿಕೆ ಬೋಧಿಸಿದವನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಿರಲಿಲ್ಲ.

ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಜೀವಕೋಶಗಳ ಟೊಳ್ಳಿನಲ್ಲಿ ಮತ್ತು ಅವುಗಳ ಗೋಡೆಯೊಳಗೆ. ಟೊಳ್ಳಿನ ನೀರು ಹೋದರೆ ಮರ ಹಗುರಾಗುತ್ತದೆ, ಅಷ್ಟೇ, ಅಳತೆ ಬದಲಾಗುವುದಿಲ್ಲ. ತೇವಾಂಶವು ಒಣತೂಕದ ಸುಮಾರು ಶೇ 30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯ ನೀರಿನ ಸರದಿ. ಅಲ್ಲಿ ಸೆಲ್ಯುಲೋಸಿನ ಉದ್ದನೆಯ ಸರಪಳಿಗಳು ಒತ್ತಾಗಿ ಮಲಗಿರುತ್ತವೆ. ನೀರಿನ ಅಣುಗಳು ಅವುಗಳ ನಡುವೆ ನುಸುಳಿ, ಬಸ್ಸಿನ ಮೂವರ ಸೀಟಿಗೆ ನಾಲ್ಕನೆಯವರು ಬಂದಂತೆ, ಎಲ್ಲರನ್ನೂ ಪಕ್ಕಕ್ಕೆ ಸರಿಸುತ್ತವೆ. ಈ ಸರಪಳಿಗಳು ಹೆಚ್ಚುಕಡಿಮೆ ಕಾಂಡದ ಉದ್ದಕ್ಕೇ ಇರುವುದರಿಂದ ತಳ್ಳಾಟವೆಲ್ಲ ಅಡ್ಡಡ್ಡಲಾಗಿ ನಡೆಯುತ್ತದೆ. ಹಸಿ ಮರ ಪೂರ್ತಿ ಒಣಗುವಾಗ ಉದ್ದದಲ್ಲಿ ಶೇ 0.1ರಿಂದ 0.2ರಷ್ಟು ಮಾತ್ರ ಕುಗ್ಗಿದರೆ, ವಾರ್ಷಿಕ ಉಂಗುರಗಳ ಗುಂಟ ಶೇ 5ರಿಂದ 8ರಷ್ಟು ಕುಗ್ಗುವುದು ಸಾಮಾನ್ಯ. ತಿರುಳಿನಿಂದ ತೊಗಟೆಯ ಕಡೆಗೆ ಅಳೆದರೆ ಸುಮಾರು ಅದರ ಅರ್ಧ. ದಿಕ್ಕಿಗೊಂದು ಲೆಕ್ಕವಿರುವುದರಿಂದಲೇ ಅಗಲ ಹಲಗೆಗಳು ಒಣಗುತ್ತ ದೋಣಿಯಂತೆ ಬಾಗುತ್ತವೆ.

ಈಗ ನನ್ನ ಬಾಗಿಲಿಗೆ ಬನ್ನಿ. ಗಾಳಿಯ ಆರ್ದ್ರತೆ ಶೇ 80 ಇದ್ದಾಗ ಮರ ಕೊನೆಗೆ ಸುಮಾರು ಶೇ 16 ತೇವಾಂಶದಲ್ಲಿ ನಿಲ್ಲುತ್ತದೆ. ಆರ್ದ್ರತೆ 40ಕ್ಕೆ ಇಳಿದರೆ ಏಳೂವರೆಯ ಆಸುಪಾಸು. ಪಾಲಿಶ್ ಬಳಿದ ಹಲಗೆ ನಿಧಾನಿ. ಅದು ಶೇ 5ರಷ್ಟು ತೇವ ಕಳೆದುಕೊಂಡಿತೆಂದು ಇಟ್ಟುಕೊಳ್ಳಿ. ಒಂದು ಶೇಕಡಾ ತೇವಕ್ಕೆ ಅಗಲದಲ್ಲಿ ಶೇ 0.2 ಕುಗ್ಗಿದರೂ 40 ಸೆಂ.ಮೀ. ಹಲಗೆ 4 ಮಿ.ಮೀ. ಕಿರಿದಾಗಬೇಕು. ಅದರ ಮೇಲೆ ಕೆಳಗೆ ಇದ್ದ ಅಡ್ಡಪಟ್ಟಿಗಳ ಎಳೆಯಾದರೋ ಅಡ್ಡಕ್ಕೇ ಓಡುತ್ತದೆ. ಅವು ಉದ್ದದಲ್ಲಿ ಕುಗ್ಗುವುದಿಲ್ಲ. ಒಂದು ಕುಗ್ಗಲೇಬೇಕು, ಇನ್ನೊಂದು ಬಿಡುವುದಿಲ್ಲ. ನಡುವೆ ನನ್ನ ಧಾರಾಳ ಗೋಂದು.

ಎರಡನೆಯ ಬಾಗಿಲನ್ನು ಆಚಾರರ ಕಣ್ಣೆದುರಿಗೇ ಮಾಡಿದೆ. ಚೌಕಟ್ಟಿನ ಒಳಅಂಚಿಗೆ ಕಾಲುವೆಯಂತೆ ಕಚ್ಚು ತೋಡಿ, ಹಲಗೆಯ ಅಂಚನ್ನು ತೆಳ್ಳಗೆ ಹೆರೆದು, ಅದರೊಳಗೆ ಸುಮ್ಮನೆ ಇಳಿಬಿಟ್ಟೆವು. ಎರಡೂ ಪಕ್ಕ 3 ಮಿ.ಮೀ. ಖಾಲಿ ಜಾಗ, ಗೋಂದು ಸೊನ್ನೆ. ಮೇಲೆ ಕೆಳಗೆ ನಟ್ಟನಡುವೆ ಒಂದೊಂದು ಬಿದಿರಿನ ಮೊಳೆ ಇದೆ. ಹಾಗಾಗಿ ಹಲಗೆ ಮಧ್ಯವನ್ನು ಹಿಡಿದುಕೊಂಡೇ ಎರಡೂ ಕಡೆ ಉಸಿರಾಡುತ್ತದೆ. ಹಳೆಯ ತೊಟ್ಟಿಮನೆಯ, ಹೀಗೇ ಚೌಕಟ್ಟಿನೊಳಗೆ ಹಲಗೆ ಇಳಿಬಿಟ್ಟ ದಿಳ್ಳೆ ಬಾಗಿಲುಗಳನ್ನು ಮೆಲ್ಲಗೆ ಅಲ್ಲಾಡಿಸಿದರೆ ಹಲಗೆ ಕಟಕಟ ಎನ್ನುವುದುಂಟು. ಕೆಲಸ ಸಡಿಲವೆಂದು ನಾನು ಮೂಗು ಮುರಿದಿದ್ದು ಅದನ್ನೇ. ಪ್ಲೈವುಡ್ ಆಗಿದ್ದರೆ ಈ ಗೋಳಿಲ್ಲ; ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡವಾಗಿ ಪದರ ಅಂಟಿಸಿರುವುದರಿಂದ ಒಂದು ಇನ್ನೊಂದನ್ನು ಕಟ್ಟಿಹಾಕುತ್ತದೆ. ಆದರೆ ಪ್ಲೈವುಡ್ ಕೆತ್ತಿದರೆ ಹಲಸಿನ ಆ ಅರಿಶಿನ ಬಣ್ಣದ ಸುರುಳಿಗಳು ಏಳುವುದಿಲ್ಲ.

ಒಳಗೆ ಮಲಗುವ ಬಾಟಲಿಯ ಬಾಯಲ್ಲೂ ಇರುವುದು ಮರದ್ದೇ ತುಂಡು. ಕಾರ್ಕ್ ಎಂದರೆ ಮೆಡಿಟರೇನಿಯನ್ ಸೀಮೆಯ ಒಂದು ಓಕ್ ಮರದ ತೊಗಟೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷ ತುಂಬಬೇಕು, ಆಮೇಲೆ 9 ವರ್ಷಕ್ಕೊಮ್ಮೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ನೋಡಿ ‘ಸೆಲ್’ ಎಂದು ಹೆಸರಿಟ್ಟದ್ದು ಇದರ ಖಾಲಿ ಕೋಣೆಗಳನ್ನೇ. ಗಾಳಿ ತುಂಬಿದ ಆ ಕೋಣೆಗಳಿಂದಾಗಿ ಕಾರ್ಕಿಗೆ ಒಂದು ವಿಚಿತ್ರ ಗುಣ ಬಂದಿದೆ. ರಬ್ಬರನ್ನು ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ, ಕಾರ್ಕ್ ಉಬ್ಬುವುದಿಲ್ಲವೆಂದೇ ಹೇಳಬಹುದು. ಆದ್ದರಿಂದಲೇ 24 ಮಿ.ಮೀ. ದಪ್ಪದ ಬಿರಡೆ 18.5 ಮಿ.ಮೀ.ನ ಕೊರಳಿಗೆ ಇಳಿದು, ಒಳಗೆ ಅರಳಿ ಗಾಜನ್ನು ಒತ್ತಿ ಹಿಡಿಯುತ್ತದೆ. ಬಾಟಲಿಯನ್ನು ಮಲಗಿಸುವುದು ಅದು ಒಣಗಿ ಸೊರಗದಿರಲಿ ಎಂದು. ತಿರುಗಿಸುವ ಮುಚ್ಚಳದ ಬಾಟಲಿ ನಿಂತೇ ಇರಬಹುದು.

ಪೆಟ್ಟಿಗೆ ಮಾಡಿಸಿದ ಮಾತ್ರಕ್ಕೆ ವೈನ್ ತಂಪಾಗಿರುತ್ತದೆ ಎಂಬ ನಂಬಿಕೆ ಭಾವನಿಗಿತ್ತು. ವೈನಿಗೆ ಹಿತವಾದದ್ದು 12–14 ಡಿಗ್ರಿ. ಚಿಕ್ಕಬಳ್ಳಾಪುರದ ಏಪ್ರಿಲ್ 35ರ ಹತ್ತಿರ ಸುಳಿಯುತ್ತದೆ. ಮರ ಶಾಖವನ್ನು ನಿಧಾನಕ್ಕೆ ದಾಟಿಸುತ್ತದೆಯೇ ಹೊರತು ಹೊರಗೆ ತಳ್ಳುವುದಿಲ್ಲ. ನನ್ನ ಲೆಕ್ಕದಲ್ಲಿ ಈ ಪೆಟ್ಟಿಗೆ ತುಂಬಿದ್ದಾಗ, ಕೋಣೆಯಲ್ಲಿ ದಿನಕ್ಕೆ 8 ಡಿಗ್ರಿ ಏರಿಳಿತವಿದ್ದರೆ ಒಳಗೆ ಐದಾರು ಡಿಗ್ರಿ, ಅದೂ ಮೂರು ಗಂಟೆ ತಡವಾಗಿ. ಇದರಲ್ಲಿ ದೊಡ್ಡ ಪಾಲು ಹಲಗೆಯದ್ದಲ್ಲ, ಬಾಟಲಿಗಳಲ್ಲಿರುವ ದ್ರವದ್ದು. ಖಾಲಿ ಪೆಟ್ಟಿಗೆ ಬೇಗ ಬಿಸಿಯಾಗುತ್ತದೆ. ಹಾಗೆಂದು ಈ ಏರಿಳಿತ ತಗ್ಗಿಸುವುದು ವ್ಯರ್ಥವಲ್ಲ. ಹತ್ತು ಡಿಗ್ರಿ ಏರಿದರೆ 750 ಮಿ.ಲೀ. ವೈನ್ ಸುಮಾರು 2 ಮಿ.ಲೀ. ಹಿಗ್ಗುತ್ತದೆ, ಕಿರಿದಾದ ಕೊರಳಲ್ಲಿ ಅದು ಏಳೆಂಟು ಮಿ.ಮೀ. ಎತ್ತರ. ದಿನವೂ ಹೀಗೆ ಹಿಗ್ಗಿ ಕುಗ್ಗಿದರೆ ಬಿರಡೆಯ ಮೇಲೆ ದಿನವೂ ತಿದಿ ಒತ್ತಿದಂತೆ. ಬೇಸಿಗೆ ಕಳೆಯಲು ಕಬ್ಬನ್ ಸಾಹೇಬರು 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ಮನೆ ಮಾಡಿಕೊಂಡಿದ್ದರು. ಭಾವನ ಬಾಟಲಿಗಳಿಗೆ ಸಿಕ್ಕಿದ್ದು ಬಿಸಿಲು ಬೀಳದ ಒಳಗೋಡೆಯ ಮೂಲೆ. ಬಾಗಿಲಿಗೆ ಗಾಜು ಬೇಕೆಂದರು, ನಾನು ಒಪ್ಪಲಿಲ್ಲ. ಬೆಳಕೂ ವೈನನ್ನು ಕೆಡಿಸುತ್ತದೆ.

ಗೆದ್ದಲಿಗೆಂದು ಆಚಾರರು ಮದ್ದು ಬಳಿಯಲು ಹೊರಟಾಗ ಡಬ್ಬಿಯ ಚೀಟಿ ಓದಿ ತಡೆದೆ. ಕ್ಲೋರಿನ್ ಇರುವ ಕೆಲವು ಮರದ ಔಷಧಿಗಳನ್ನು ಬೂಷ್ಟು ತಿಂದು ಟಿ.ಸಿ.ಎ. ಎಂಬ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಒಂದು ಲೀಟರಿನಲ್ಲಿ ಕೆಲವೇ ನ್ಯಾನೋಗ್ರಾಂ ಸೇರಿದರೂ ವೈನ್ ಒದ್ದೆ ರಟ್ಟಿನಂತೆ ನಾರುತ್ತದೆ. ಕೊನೆಗೆ ಹೊರಗೆ ಅರಗಿನ ಪಾಲಿಶ್ ಕೊಟ್ಟು ಒಳಗೆ ಬರಿಯ ಮರ ಬಿಟ್ಟೆವು. ಅರಗು ಸ್ಪಿರಿಟ್‌ನಲ್ಲಿ ಕರಗುವ ವಸ್ತು. ವೈನ್ ಪೆಟ್ಟಿಗೆಗೆ ಅದನ್ನೇ ಬಳಿದೆನಲ್ಲ ಎಂದು ಆಮೇಲೆ ನಗು ಬಂತು.

ಬಾಗಿಲು ಜೋಡಿಸಿದ ಮೇಲೆ ಪಾಲಿಶ್ ಬಳಿದದ್ದರಿಂದ ಕಚ್ಚಿನೊಳಗೆ ಅಡಗಿದ ಅಂಚಿಗೆ ಬಣ್ಣವಿಲ್ಲ. ಹಲಸು ಬೆಳಕಿಗೆ ಕಂದಾಗುತ್ತದೆ, ಅಡಗಿದ ಅಂಚು ಹೊಸ ಹಳದಿಯಾಗಿಯೇ ಉಳಿದಿದೆ. ಹಾಗಾಗಿ ಬೇಸಿಗೆಯಲ್ಲಿ ಹಲಗೆ ಕುಗ್ಗಿದಾಗ ಎರಡೂ ಪಕ್ಕ ಅರಿಶಿನದ ಗೆರೆಯೊಂದು ಹೊರಗೆ ಇಣುಕುತ್ತದೆ. ಈ ಮಾರ್ಚ್‌ನಲ್ಲಿ ಅಳೆದೆ: ಎಡಕ್ಕೆ ಒಂದೂವರೆ ಮಿ.ಮೀ., ಬಲಕ್ಕೆ ಎರಡಕ್ಕೆ ತುಸು ಕಡಿಮೆ. ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ತಾರೀಖು ಬರೆದಿಟ್ಟೆ. ಇಪ್ಪತ್ನಾಲ್ಕು ಗೂಡುಗಳಲ್ಲಿ ಹತ್ತೊಂಬತ್ತರಲ್ಲಿ ವೈನ್ ಇದೆ. ಉಳಿದ ಐದನ್ನು ಅಕ್ಕ ಹರಳೆಣ್ಣೆ ಬಾಟಲಿಗಳಿಗೆ ವಶಪಡಿಸಿಕೊಂಡಿದ್ದಾಳೆ.